ಬೆಂಗಳೂರಿನ ಪಾಳಿಯವರು ನೋಡಿದ್ದರು, ಹೇಳಿಯೂ ಇದ್ದರು. ಕೇಳಿದವರು ಯಾರು?

2013ರ ನವೆಂಬರ್ 30, ಶನಿವಾರ. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದು ಎರಡು ದಿನ ಆಗಿತ್ತು. ವರ್ಷದ ದೊಡ್ಡ ಖರೀದಿ ದಿನವಾದ ಬ್ಲ್ಯಾಕ್ ಫ್ರೈಡೇ ಮುಗಿದಿದ್ದು ಹಿಂದಿನ ದಿನವಷ್ಟೇ. ಟಾರ್ಗೆಟ್ ಎಂಬ ದೈತ್ಯ ಚಿಲ್ಲರೆ ಕಂಪನಿಯ ಅಂಗಡಿಗಳಲ್ಲಿ ಜನ ಕಾರ್ಡ್ ಉಜ್ಜುತ್ತಲೇ ಇದ್ದರು. ಆ ಕಂಪನಿಯ ನೆಟ್‌ವರ್ಕಿನೊಳಗೆ ಆಗಲೇ ಸೇರಿಕೊಂಡಿದ್ದ ಕಳ್ಳರು ಅವತ್ತು ತಮ್ಮ ಕೊನೆಯ ಸಾಮಾನು ಇಳಿಸಿದರು: ಕದ್ದ ಕಾರ್ಡ್ ನಂಬರ್‌ಗಳನ್ನು ಗುಟ್ಟಾಗಿ ಹೊರಗೆ ಸಾಗಿಸುವ ಒಂದು ಸಾಫ್ಟ್‌ವೇರ್. ಕಾವಲಿಗಿಟ್ಟಿದ್ದ ವ್ಯವಸ್ಥೆ ಅದನ್ನು ಗುರುತಿಸಿ ಅಲರ್ಟ್ ಕೊಟ್ಟಿತು. ಆ ಅಲರ್ಟ್ ಮೊದಲು ಬಂದಿದ್ದು ಎಲ್ಲಿಗೆ ಗೊತ್ತಾ? ನಮ್ಮ ಬೆಂಗಳೂರಿಗೆ.

ಟಾರ್ಗೆಟ್ ತನ್ನ ಕಂಪ್ಯೂಟರ್‌ಗಳನ್ನು 24 ಗಂಟೆ ಕಾಯಲು ಬೆಂಗಳೂರಿನಲ್ಲಿ ಒಂದು ಭದ್ರತಾ ತಂಡ ಇಟ್ಟಿತ್ತು. ಆ ತಂಡ ಅಲರ್ಟ್ ನೋಡಿತು. ನಿಯಮ ಏನು ಹೇಳುತ್ತದೋ ಅದನ್ನೇ ಮಾಡಿತು, ಅಂದರೆ ಮಿನಿಯಾಪೊಲಿಸ್‌ನ ಕೇಂದ್ರ ತಂಡಕ್ಕೆ ತಿಳಿಸಿತು. ಮಿನಿಯಾಪೊಲಿಸ್‌ನಲ್ಲಿ ಏನೂ ಆಗಲಿಲ್ಲ.

ಡಿಸೆಂಬರ್ 2ರಂದು ಮತ್ತೆ ಅಲರ್ಟ್ ಬಂತು. ಆಗಲೂ ಏನೂ ಆಗಲಿಲ್ಲ. ಆ ಹೊತ್ತಿಗೆ ಡೇಟಾ ಹೊರಗೆ ಹರಿಯೋಕೆ ಶುರುವಾಗಿತ್ತು. ಡಿಸೆಂಬರ್ 12ರಂದು ಅಮೆರಿಕದ ನ್ಯಾಯ ಇಲಾಖೆಯೇ ಕಂಪನಿಗೆ ಹೇಳಬೇಕಾಯಿತು, 'ನಿಮ್ಮ ಮನೆಗೆ ಕಳ್ಳರು ನುಗ್ಗಿದ್ದಾರೆ' ಅಂತ. 18ರಂದು ಬ್ರಯಾನ್ ಕ್ರೆಬ್ಸ್ ಎಂಬ ಪತ್ರಕರ್ತ ಸುದ್ದಿ ಒಡೆದರು. 19ಕ್ಕೆ ಕಂಪನಿ ಒಪ್ಪಿಕೊಂಡಿತು. ಲೆಕ್ಕ ಹಾಕಿದರೆ 4 ಕೋಟಿ ಕಾರ್ಡ್‌ಗಳ ವಿವರ, 7 ಕೋಟಿ ಗ್ರಾಹಕರ ಹೆಸರು, ವಿಳಾಸ, ಫೋನ್, ಇಮೇಲ್ ಹೋಗಿತ್ತು.

ಬೆಂಗಳೂರಿನ ಅಲರ್ಟ್ ವಿಷಯ ಹೊರಗೆ ಬಂದಿದ್ದು 2014ರ ಮಾರ್ಚ್‌ನಲ್ಲಿ, ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್‌ನ ತನಿಖಾ ವರದಿಯಿಂದ. ಫೈರ್‌ಐ ಎಂಬ ಕಂಪನಿಯ ಆ ಪತ್ತೆ ವ್ಯವಸ್ಥೆಗೆ ಟಾರ್ಗೆಟ್ 16 ಲಕ್ಷ ಡಾಲರ್ ಸುರಿದಿತ್ತು. ಅದನ್ನು ಅಳವಡಿಸುವ ಕೆಲಸ ಶುರುವಾಗಿದ್ದು ಕಳ್ಳತನಕ್ಕೆ ಆರು ತಿಂಗಳ ಹಿಂದೆ. ಅದೇ ಸೆಪ್ಟೆಂಬರ್‌ನಲ್ಲಿ ಕಾರ್ಡ್ ಉದ್ಯಮದ ಸುರಕ್ಷತಾ ಮಾನದಂಡ ಪಾಸಾಗಿದೆ ಅಂತ ಪ್ರಮಾಣಪತ್ರವೂ ಸಿಕ್ಕಿತ್ತು. ದುಡ್ಡು ಇತ್ತು, ಯಂತ್ರ ಇತ್ತು, ಪ್ರಮಾಣಪತ್ರ ಇತ್ತು, ಕಣ್ಣು ಬಿಟ್ಟುಕೊಂಡು ಕೂತ ಮನುಷ್ಯರೂ ಇದ್ದರು.

ಸೈಬರ್ ಇಂಟೆಲಿಜೆನ್ಸ್, ಅಪಾಯವನ್ನು ಮೊದಲೇ ಪತ್ತೆ ಹಚ್ಚುವುದು, ಎಐ ಕಾವಲುಗಾರ ಅಂತೆಲ್ಲ ಇವತ್ತು ಮಾತು ಜೋರಾಗಿದೆ. ಪ್ರತಿ ಟೆಕ್ ಸಮಾವೇಶದಲ್ಲೂ ಒಂದು ಮಳಿಗೆ ಇದನ್ನೇ ಮಾರುತ್ತದೆ. ನನಗೆ ಆಗೆಲ್ಲ ನೆನಪಾಗೋದು ಆ ಶನಿವಾರ. ಅಪಾಯ ಗೊತ್ತಾಗುವುದು ಒಂದು ವಿಷಯ. ಗೊತ್ತಾದವರ ಮಾತಿಗೆ ಬೆಲೆ ಇದೆಯಾ ಅನ್ನೋದು ಬೇರೆಯೇ ವಿಷಯ. ಮೊದಲನೆಯದು ತಂತ್ರಜ್ಞಾನ, ಎರಡನೆಯದು ರಾಜಕೀಯ. ನಮ್ಮಲ್ಲಿ ಚರ್ಚೆಯಾಗುತ್ತಿರುವುದು ಮೊದಲನೆಯದು ಮಾತ್ರ.

ಕಾವಲು ಪಾಳಿಯ ಒಳಗಿನಿಂದ

ನಾನು ಕೆಲವು ವರ್ಷ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಒಂದು ಕಟ್ಟಡದಲ್ಲಿ ಇಂಥದ್ದೇ ರಾತ್ರಿ ಪಾಳಿ ಮಾಡಿದವನು. ಕೆಲಸ ಹೇಗಿರುತ್ತೆ ಅಂತ ಸ್ವಲ್ಪ ಹೇಳುತ್ತೇನೆ, ಯಾಕಂದ್ರೆ ಹೊರಗಿನವರಿಗೆ ಇದು ಸಿನಿಮಾದ ಹಾಗೆ ಕಾಣುತ್ತೆ: ಕತ್ತಲೆ ಕೋಣೆ, ಹಸಿರು ಅಕ್ಷರ, ಗೋಡೆ ಮೇಲೆ ಓಡುವ ಭೂಪಟ. ಭೂಪಟ ಇತ್ತು ನಿಜ, ಆದರೆ ಅದು ಬರುವ ಅತಿಥಿಗಳಿಗೆ. ನಮ್ಮ ಕೆಲಸ ಒಂದು ಉದ್ದನೆ ಪಟ್ಟಿ ನೋಡೋದು.

ಆ ಪಟ್ಟಿಯಲ್ಲಿ ಬರೋದೇ ಅಲರ್ಟ್‌ಗಳು. ಥ್ರೆಟ್ ಇಂಟೆಲಿಜೆನ್ಸ್ ಅಂದರೆ ಮೂಲದಲ್ಲಿ ಹಳ್ಳಿಯ ಸುದ್ದಿ ಇದ್ದ ಹಾಗೆ. ಪಕ್ಕದ ಊರಲ್ಲಿ ಕಳ್ಳತನ ಆಯ್ತು, ಕಳ್ಳರು ಹಿತ್ತಿಲ ಬಾಗಿಲಿಂದ ಬಂದರು, ಇಂಥ ಬಣ್ಣದ ವ್ಯಾನಿನಲ್ಲಿ ಹೋದರು. ಕಂಪ್ಯೂಟರ್ ಲೋಕದಲ್ಲಿ ಆ ವ್ಯಾನಿನ ಬಣ್ಣದ ಜಾಗದಲ್ಲಿ ಐಪಿ ವಿಳಾಸ, ಡೊಮೈನ್ ಹೆಸರು, ದುಷ್ಟ ಫೈಲಿನ ಗುರುತು ಸಂಖ್ಯೆ ಇರುತ್ತವೆ. ಎಲ್ಲೋ ಒಂದು ಕಂಪನಿ ಮೇಲೆ ದಾಳಿ ಆದಾಗ ಸಿಕ್ಕಿದ ಗುರುತುಗಳನ್ನು ಇನ್ನೊಂದು ಕಂಪನಿ ತನ್ನ ಲಾಗ್‌ಗಳ ಜೊತೆ ತಾಳೆ ಹಾಕುತ್ತೆ. ತಾಳೆಯಾದರೆ ಅಲರ್ಟ್. ಐಪಿ ವಿಳಾಸ ಬದಲಿಸೋದು ಕಳ್ಳರಿಗೆ ಅಂಗಿ ಬದಲಿಸಿದಷ್ಟು ಸುಲಭ. ಹಾಗಾಗಿ ನಿಜವಾದ ಇಂಟೆಲಿಜೆನ್ಸ್ ಅವರ ಅಂಗಿಯಲ್ಲ, ನಡಿಗೆ. ಮೊದಲು ಯಾರಿಗೆ ಇಮೇಲ್ ಕಳಿಸುತ್ತಾರೆ, ಒಳಗೆ ಬಂದ ಮೇಲೆ ಎಲ್ಲಿ ತಡಕಾಡುತ್ತಾರೆ, ಕದ್ದದ್ದನ್ನು ಯಾವ ಹೊತ್ತಲ್ಲಿ ಸಾಗಿಸುತ್ತಾರೆ. ಇದನ್ನು ಹಿಡಿಯೋಕೆ ಅನುಭವ ಬೇಕು, ಸಮಯ ಬೇಕು. ಪಾಳಿಯಲ್ಲಿ ಎರಡೂ ಕಡಿಮೆ.

ಒಂದು ರಾತ್ರಿ ಮೂರು ಗಂಟೆ ಸುಮಾರಿಗೆ ಒಂದು ವಿದೇಶಿ ಗ್ರಾಹಕ ಕಂಪನಿಯ ಸರ್ವರ್ ಯಾವತ್ತೂ ಮಾತಾಡದ ಒಂದು ವಿಳಾಸದ ಜೊತೆ ಮಾತಾಡ್ತಾ ಇತ್ತು. ಆ ವಿಳಾಸ ಅದೇ ವಾರ ನಮಗೆ ಬಂದಿದ್ದ ಎಚ್ಚರಿಕೆ ಪಟ್ಟಿಯಲ್ಲಿತ್ತು. ನಾನು ಮತ್ತು ನನ್ನ ಜೊತೆಗಿದ್ದ ಹುಡುಗಿ ಕೂತು ಒಂದೂವರೆ ಗಂಟೆ ಅಗೆದು, ಟಿಕೆಟ್ ಹಾಕಿದೆವು. ಮರುದಿನ ಉತ್ತರ ಒಂದೇ ಸಾಲು: ಪರಿಶೀಲಿಸಲಾಗಿದೆ, ಕ್ರಮದ ಅಗತ್ಯವಿಲ್ಲ. ಒಂಬತ್ತು ದಿನ ಕಳೆದು ಅದೇ ಸರ್ವರ್‌ನಿಂದ ರಾನ್ಸಮ್‌ವೇರ್ ಹಬ್ಬಿತು. ಆಮೇಲೆ ನಡೆದ ಸಭೆಯಲ್ಲಿ ನಮ್ಮ ಮ್ಯಾನೇಜರ್ ನಮ್ಮನ್ನು ಕೇಳಿದ್ದು, 'ಯಾಕಮ್ಮಾ, ಫೋನ್ ಮಾಡಿ ಹೇಳಬೇಕಿತ್ತಲ್ವಾ?' ಅಂತ. ಅವಳು ತಣ್ಣಗೆ ಒಪ್ಪಂದದ ಪುಟ ತೆರೆದು ತೋರಿಸಿದಳು. ನಮ್ಮ ಹಂತದವರು ಗ್ರಾಹಕರಿಗೆ ನೇರ ಫೋನ್ ಮಾಡುವಂತಿಲ್ಲ ಅಂತ ಅದರಲ್ಲೇ ಬರೆದಿತ್ತು. ನಮಗೆ ನಂಬರೇ ಕೊಟ್ಟಿರಲಿಲ್ಲ.

ಅವಳು ಮುಂದಿನ ತಿಂಗಳು ಕೆಲಸ ಬಿಟ್ಟಳು. ನಾನು ಇನ್ನೂ ಒಂದು ವರ್ಷ ಇದ್ದೆ, ಇಎಂಐ ಇತ್ತು.

ಟಾರ್ಗೆಟ್‌ಗೆ ಎಷ್ಟು ಸಲ ಗೊತ್ತಾಗಿತ್ತು?

ಟಾರ್ಗೆಟ್ ಪ್ರಕರಣಕ್ಕೆ ವಾಪಸ್ ಬರೋಣ. ಯಾಕಂದ್ರೆ ಇದು ಒಂದು ಅಲರ್ಟ್ ತಪ್ಪಿಹೋದ ಕಥೆಯಷ್ಟೇ ಅಲ್ಲ. 2014ರ ಮಾರ್ಚ್‌ನಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದರ ಸಿಬ್ಬಂದಿ ಈ ಇಡೀ ದಾಳಿಯನ್ನು ಹಂತಹಂತವಾಗಿ ಬಿಡಿಸಿ ವರದಿ ಕೊಟ್ಟರು. ಅದನ್ನು ಓದಿದರೆ ಸಿಟ್ಟು ಬರುತ್ತೆ.

ಕಳ್ಳರು ಬಂದಿದ್ದು ಟಾರ್ಗೆಟ್‌ನ ಮುಂಬಾಗಿಲಿಂದಲ್ಲ. ಪೆನ್ಸಿಲ್ವೇನಿಯಾದಲ್ಲಿ ಫ್ರಿಜ್, ಏಸಿ ಕೆಲಸ ಮಾಡುವ ಒಂದು ಸಣ್ಣ ಗುತ್ತಿಗೆ ಸಂಸ್ಥೆ ಇತ್ತು. ಅಲ್ಲಿಯವರಿಗೆ ಬಂದ ಒಂದು ಮೋಸದ ಇಮೇಲ್ ಮೂಲಕ ಪಾಸ್‌ವರ್ಡ್ ಕದ್ದರು. ಬಿಲ್ ಕಳಿಸೋಕೆ, ಕೆಲಸದ ಲೆಕ್ಕ ಕೊಡೋಕೆ ಅಂತ ಆ ಸಂಸ್ಥೆಗೆ ಟಾರ್ಗೆಟ್ ನೆಟ್‌ವರ್ಕಿಗೆ ಪ್ರವೇಶ ಇತ್ತು. ಅಲ್ಲಿಂದ ಹೊರಟವರು ಕಾರ್ಡ್ ಉಜ್ಜುವ ಯಂತ್ರಗಳವರೆಗೂ ನಡೆದುಕೊಂಡು ಹೋದರು. ಮಧ್ಯೆ ಗಟ್ಟಿ ಗೋಡೆ ಇರಲಿಲ್ಲ. ಕಾರ್ಡ್ ಯಂತ್ರದ ಮೆಮೊರಿಯಿಂದಲೇ ನಂಬರ್ ಹೆಕ್ಕುವ ಅವರ ಸಾಫ್ಟ್‌ವೇರ್ ಕೂಡ ಹೊಸದೇನಲ್ಲ. ಇಂಥ ದಾಳಿ ಹೆಚ್ಚಾಗ್ತಿದೆ ಎಂದು ವೀಸಾ ಕಂಪನಿ 2013ರ ಏಪ್ರಿಲ್ ಮತ್ತು ಆಗಸ್ಟ್‌ನಲ್ಲಿ, ಎರಡು ಸಲ, ಅಂಗಡಿ ಕಂಪನಿಗಳಿಗೆ ಎಚ್ಚರಿಕೆ ಹೊರಡಿಸಿತ್ತು. ಇನ್ನೇನು ಬೇಕು ಇಂಟೆಲಿಜೆನ್ಸ್ ಅಂದ್ರೆ?

ಅಷ್ಟೇ ಅಲ್ಲ. ಕಾರ್ಡ್ ಪಾವತಿ ವ್ಯವಸ್ಥೆ ದುರ್ಬಲವಾಗಿದೆ, ಒಮ್ಮೆ ಪೂರ್ತಿ ಪರಿಶೀಲನೆ ಆಗಲಿ ಎಂದು ಕಂಪನಿಯೊಳಗಿನ ಸಿಬ್ಬಂದಿಯೇ ದಾಳಿಗೆ ಕೆಲವು ತಿಂಗಳ ಮೊದಲು ಕೇಳಿದ್ದರು ಅಂತ ವಾಲ್ ಸ್ಟ್ರೀಟ್ ಜರ್ನಲ್ ಬರೆಯಿತು. ಆಂಟಿವೈರಸ್ ವ್ಯವಸ್ಥೆಯೂ ಅದೇ ಸರ್ವರ್ ಬಗ್ಗೆ ಹಬ್ಬದ ಹೊತ್ತಲ್ಲೇ ಸಂಶಯ ತೋರಿಸಿತ್ತು. ಮಿನಿಯಾಪೊಲಿಸ್‌ನ ಕಾವಲು ಕೇಂದ್ರದ ಮ್ಯಾನೇಜರ್ ಅಕ್ಟೋಬರ್‌ನಲ್ಲಿ ಕೆಲಸ ಬಿಟ್ಟಿದ್ದರು, ಕುರ್ಚಿ ಖಾಲಿ ಇತ್ತು. ದುಷ್ಟ ಫೈಲನ್ನು ಯಂತ್ರವೇ ತಾನಾಗಿ ಅಳಿಸಿಹಾಕುವ ಒಂದು ಸೌಲಭ್ಯವಿತ್ತು, ಅದನ್ನು ಆರಿಸಿಟ್ಟಿದ್ದರು.

ಮಿನಿಯಾಪೊಲಿಸ್‌ನವರಿಗೂ ಸ್ವಲ್ಪ ನ್ಯಾಯ ಸಿಗಲಿ. ಆ ಸೌಲಭ್ಯ ಆರಿಸಿಡೋದು ಆಗ ಅಪರೂಪವಲ್ಲ. ಯಂತ್ರ ತಪ್ಪಾಗಿ ಒಳ್ಳೆ ಫೈಲ್ ಅಳಿಸಿದರೆ ಹಬ್ಬದ ವಾರದಲ್ಲಿ ಬಿಲ್ಲಿಂಗೇ ನಿಂತುಹೋಗಬಹುದು. ಅಲ್ಲದೆ ದಿನಕ್ಕೆ ನೂರಾರು ಅಲರ್ಟ್ ಬರುವ ಕಡೆ ಬಹುಪಾಲು ಹುಸಿ. ಆ ನವೆಂಬರ್ ಅಲರ್ಟ್ ಮೇಲೆ ಇದ್ದ ಹಣೆಪಟ್ಟಿಯೂ 'ಮಾಲ್‌ವೇರ್ ಡಾಟ್ ಬೈನರಿ' ಎಂಬ ಸಪ್ಪೆ ಹೆಸರು, ಅದನ್ನು ನೋಡಿ ಯಾರೂ ಬೆಚ್ಚಿಬೀಳಲ್ಲ. ನಾಯಿ ದಿನಾ ಬೊಗಳಿದರೆ ಮನೆಯವರು ಏಳೋದನ್ನ ಬಿಡ್ತಾರೆ. ನಾನೇ ಎಷ್ಟೋ ಅಲರ್ಟ್‌ಗಳನ್ನು ಎರಡನೇ ಸಲ ನೋಡದೆ ಮುಚ್ಚಿದ್ದೇನೆ. ನಮ್ಮ ತಂಡ ಪರಿಶೀಲಿಸಿ ತಕ್ಷಣದ ಕ್ರಮ ಬೇಕಿಲ್ಲ ಅಂತ ತೀರ್ಮಾನಿಸಿತ್ತು ಎಂದು ಟಾರ್ಗೆಟ್ ಆಮೇಲೆ ಹೇಳಿದ್ದನ್ನು ಓದಿದಾಗ ನನಗೆ ನಮ್ಮ ಟಿಕೆಟ್‌ನ ಒಂದು ಸಾಲು ನೆನಪಾಯಿತು.

ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ತೀರ್ಮಾನ ತೆಗೆದುಕೊಂಡವರು ನೋಡಿದವರಲ್ಲ. ನೋಡಿದವರು ಹನ್ನೊಂದೂವರೆ ಗಂಟೆ ಆಚೆಯ ಗಡಿಯಾರದಲ್ಲಿ, ಇನ್ನೊಂದು ಖಂಡದಲ್ಲಿ ಕೂತಿದ್ದರು. ಅವರ ಕೆಲಸ ಹೇಳುವವರೆಗೆ ಮಾತ್ರ. ನಮ್ಮ ರೈಲಿನಲ್ಲಿ ಜನರಲ್ ಬೋಗಿಯಲ್ಲಿ ನಿಂತವನಿಗೂ ಚೈನು ಎಳೆಯೋ ಅವಕಾಶ ಇದೆ. ಸುಮ್ಮನೆ ಎಳೆದರೆ ದಂಡ, ಆದರೆ ಚೈನು ಅವನ ಕೈಗೆ ಎಟುಕುವ ಹಾಗೆ ಇದೆ. ಬೆಂಗಳೂರಿನ ಪಾಳಿಗಳಲ್ಲಿ ಚೈನು ಇನ್ನೊಂದು ದೇಶದಲ್ಲಿ ನೇತಾಡುತ್ತೆ.

ಪರಿಣಾಮ ಯಾರ ಮೇಲೆ ಆಯಿತು? ಮುಖ್ಯ ಮಾಹಿತಿ ಅಧಿಕಾರಿ 2014ರ ಮಾರ್ಚ್‌ನಲ್ಲಿ, ಸಿಇಒ ಗ್ರೆಗ್ ಸ್ಟೈನ್‌ಹಾಫೆಲ್ ಮೇ ತಿಂಗಳಲ್ಲಿ ಹೋದರು. 2017ರಲ್ಲಿ 47 ರಾಜ್ಯಗಳ ಜೊತೆ 1.85 ಕೋಟಿ ಡಾಲರ್‌ಗೆ ರಾಜಿಯಾಯಿತು. ಅಮೆರಿಕದಲ್ಲಿ ಕೊನೆಗೆ ಯಾರೋ ಉತ್ತರ ಹೇಳಬೇಕಾಯಿತು ಅನ್ನೋದಾದರೂ ಇದೆ. ಸೆನೆಟ್ ಸಮಿತಿಯ ವರದಿ ಇವತ್ತಿಗೂ ಯಾರು ಬೇಕಾದರೂ ಓದಬಹುದು. ನಾನು ಈ ಲೇಖನದಲ್ಲಿ ಇಷ್ಟು ವಿವರ ಬರೆಯೋಕೆ ಆಗಿದ್ದೇ ಅದರಿಂದ.

ಇದೇ ಮಟ್ಟದ ವಿವರದಲ್ಲಿ ನಮ್ಮ ದೇಶದ ಒಂದು ದಾಳಿಯ ಬಗ್ಗೆ ಬರೆಯಿರಿ ಅಂದರೆ ನನ್ನ ಕೈಯಲ್ಲಿ ಆಗಲ್ಲ.

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ಮಲಗಿದವು. ದಿನಗಟ್ಟಲೆ ಹೊರರೋಗಿ ಚೀಟಿಯಿಂದ ಲ್ಯಾಬ್ ವರದಿವರೆಗೆ ಎಲ್ಲ ಕೈಬರಹ. ಐದು ಸರ್ವರ್, ಸುಮಾರು 1.3 ಟೆರಾಬೈಟ್ ಡೇಟಾ ಬೀಗ ಬಿದ್ದಿತ್ತು, ನೆಟ್‌ವರ್ಕನ್ನು ಸರಿಯಾಗಿ ವಿಭಾಗ ಮಾಡದೇ ಇದ್ದದ್ದು ಕಾರಣ ಎಂದು ಸರ್ಕಾರ ಸಂಸತ್ತಿಗೆ ಹೇಳಿತು. ಅಂದರೆ ಏಸಿ ರಿಪೇರಿಯವರ ಪಾಸ್‌ವರ್ಡ್‌ನಿಂದ ಗಲ್ಲಾಪೆಟ್ಟಿಗೆವರೆಗೆ ನಡೆದು ಹೋಗಬಹುದಾಗಿದ್ದ ಅದೇ ಗೋಡೆಯಿಲ್ಲದ ಮನೆ, ಒಂಬತ್ತು ವರ್ಷದ ನಂತರ, ದೇಶದ ಅತಿ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೊಂದರಲ್ಲಿ. ಯಾರಾದರೂ ಮೊದಲೇ ಎಚ್ಚರಿಸಿದ್ದರಾ, ಯಾವ ಟೇಬಲ್ ಮೇಲೆ ಆ ಕಡತ ನಿಂತಿತು ಅನ್ನೋದು ಉತ್ತರದಲ್ಲಿಲ್ಲ.

ಎಚ್ಚರಿಸಿದವರ ಗತಿ

2019ರಲ್ಲಿ ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ವಿಷಯ ನೆನಪಿದೆಯಾ? ಅಕ್ಟೋಬರ್ 28ರಂದು ಒಬ್ಬ ಸ್ವತಂತ್ರ ಸೈಬರ್ ತಜ್ಞರು ಇದರ ಬಗ್ಗೆ ಟ್ವೀಟ್ ಮಾಡಿದರು. ಮರುದಿನ ಸ್ಥಾವರದಿಂದ ಹೇಳಿಕೆ ಬಂತು: ಇದು ಸುಳ್ಳು ಸುದ್ದಿ, ನಿಯಂತ್ರಣ ವ್ಯವಸ್ಥೆ ಮೇಲೆ ಸೈಬರ್ ದಾಳಿ ಸಾಧ್ಯವೇ ಇಲ್ಲ. ಅದರ ಮರುದಿನ, 30ಕ್ಕೆ, ಅಣು ವಿದ್ಯುತ್ ನಿಗಮ ಒಪ್ಪಿಕೊಂಡಿತು: ಮಾಲ್‌ವೇರ್ ಸಿಕ್ಕಿದ್ದು ನಿಜ, ಅದು ಆಡಳಿತ ಕೆಲಸದ ಕಂಪ್ಯೂಟರ್‌ನಲ್ಲಿ, ಸ್ಥಾವರದ ಒಳವ್ಯವಸ್ಥೆ ಅದರಿಂದ ಬೇರೆಯೇ ಇದೆ, ಸೆಪ್ಟೆಂಬರ್ 4ರಂದೇ ಸರ್ಟ್-ಇನ್ ನಮಗೆ ತಿಳಿಸಿತ್ತು.

ಇದರಲ್ಲಿ ಒಳ್ಳೆಯದೂ ಇದೆ. ಇಂಟೆಲಿಜೆನ್ಸ್ ಕೆಲಸ ಮಾಡಿತ್ತು, ಹೊರಗಿನವರೊಬ್ಬರು ಸರ್ಕಾರದ ಗಮನಕ್ಕೆ ತಂದಿದ್ದರು, ಕೇಂದ್ರದ ಸರ್ಟ್-ಇನ್ ಸಂಸ್ಥೆ ಮುಟ್ಟಿಸಬೇಕಾದವರಿಗೆ ಮುಟ್ಟಿಸಿತ್ತು. ಹಾಗಿದ್ದರೆ ಎಂಟು ವಾರ ಕಳೆದ ಮೇಲೆ ಸ್ಥಾವರದ ವಕ್ತಾರರು 'ಸುಳ್ಳು' ಅಂದಿದ್ದು ಯಾಕೆ? ಎರಡರಲ್ಲಿ ಒಂದು. ಅವರಿಗೆ ಒಳಗಿನವರೇ ಹೇಳಿರಲಿಲ್ಲ, ಅಥವಾ ಗೊತ್ತಿದ್ದೂ ಹಾಗಂದರು. ಯಾವುದಾದರೂ ನನಗೆ ಸಮಾಧಾನ ಇಲ್ಲ.

2018ರ ಜನವರಿಯಲ್ಲಿ 'ದ ಟ್ರಿಬ್ಯೂನ್' ಪತ್ರಿಕೆಯ ರಚನಾ ಖೈರಾ 500 ರೂಪಾಯಿ ಕೊಟ್ಟು ಆಧಾರ್ ವಿವರಗಳ ದೊಡ್ಡ ಕಣಜಕ್ಕೇ ಕಿಂಡಿ ಸಿಗುತ್ತದೆ ಎಂದು ತೋರಿಸಿದರು. ಯಾವ ಕಂಪನಿಯಾದರೂ ಇಂಥ ಮಾಹಿತಿಗೆ ಇವತ್ತು ಲಕ್ಷಗಟ್ಟಲೆ ಬಹುಮಾನ ಕೊಡುತ್ತೆ, ಬಗ್ ಬೌಂಟಿ ಅಂತ ಅದಕ್ಕೆ ಹೆಸರೇ ಇದೆ. ಆಧಾರ್ ಪ್ರಾಧಿಕಾರ ಕೊಟ್ಟಿದ್ದು ಪೊಲೀಸ್ ದೂರು. ಎಫ್‌ಐಆರ್‌ನಲ್ಲಿ ಪತ್ರಕರ್ತೆಯ ಹೆಸರೂ ಇತ್ತು. ದೊಡ್ಡ ಗಲಾಟೆಯಾದ ಮೇಲೆ ಸರ್ಕಾರ ಪತ್ರಿಕಾ ಸ್ವಾತಂತ್ರ್ಯದ ಮಾತಾಡಿತು, ಅದು ಬೇರೆ.

ಕಾನೂನೂ ಹಾಗೇ ಇದೆ. ಐಟಿ ಕಾಯ್ದೆಯ 43 ಮತ್ತು 66ನೇ ಕಲಂಗಳು ಅನುಮತಿ ಇಲ್ಲದೆ ಕಂಪ್ಯೂಟರ್ ವ್ಯವಸ್ಥೆಗೆ ಪ್ರವೇಶಿಸೋದನ್ನು ಶಿಕ್ಷಾರ್ಹ ಮಾಡುತ್ತವೆ. ದುರುದ್ದೇಶ ಸಾಬೀತಾದರೆ ಮೂರು ವರ್ಷದವರೆಗೆ ಜೈಲು. ಸದುದ್ದೇಶದಿಂದ ತೂತು ಹುಡುಕಿ ತೋರಿಸುವ ಸಂಶೋಧಕರಿಗೆ ಸ್ಪಷ್ಟ ರಕ್ಷಣೆ ಅಲ್ಲಿ ಬರೆದಿಲ್ಲ. ವಿಸಿಲ್ ಬ್ಲೋವರ್ ರಕ್ಷಣಾ ಕಾಯ್ದೆ ಅಂತ 2014ರಲ್ಲಿ ಒಂದು ಪಾಸಾಯಿತು, ಜಾರಿಗೆ ಮಾತ್ರ ತರಲಿಲ್ಲ. ಅದು ಜಾರಿಯಾದರೂ ಖಾಸಗಿ ಕಂಪನಿಯ ರಾತ್ರಿ ಪಾಳಿಯವರಿಗೆ ಉಪಯೋಗಕ್ಕೆ ಬರಲ್ಲ, ಯಾಕಂದ್ರೆ ಅದು ಸರ್ಕಾರಿ ನೌಕರರ ಅಕ್ರಮದ ಬಗ್ಗೆ.

ಹೆಬ್ಬೆಟ್ಟಿನ ಕಥೆ

ಇದೆಲ್ಲ ದೆಹಲಿ, ಅಮೆರಿಕ ಅನ್ನಿಸಬಹುದು. ನಮ್ಮ ರಾಜ್ಯದ್ದು ಒಂದು ಹೇಳುತ್ತೇನೆ, ಇದಕ್ಕೆ ಫೈರ್‌ಐ ಕೂಡ ಬೇಕಿರಲಿಲ್ಲ.

2018ರಲ್ಲಿ ತೆಲಂಗಾಣದಲ್ಲಿ ಸಿಮ್ ಮಾರುವ ಒಬ್ಬ ವ್ಯಕ್ತಿ ಸಿಕ್ಕಿಬಿದ್ದ. ಭೂ ನೋಂದಣಿ ಇಲಾಖೆಯ ಜಾಲತಾಣದಿಂದ ಕ್ರಯಪತ್ರ ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ರಬ್ಬರ್ ಬೆರಳಚ್ಚು ಮಾಡಿ, ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿದ್ದ. ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಪಕ್ಕದ ರಾಜ್ಯ, ಅದೇ ಇಲಾಖೆ, ಅದೇ ಥರದ ಕ್ರಯಪತ್ರ, ಅದೇ ಹೆಬ್ಬೆಟ್ಟು. ಥ್ರೆಟ್ ಇಂಟೆಲಿಜೆನ್ಸ್‌ಗೆ ಇದಕ್ಕಿಂತ ಶುದ್ಧವಾದ ಉದಾಹರಣೆ ಪಠ್ಯಪುಸ್ತಕದಲ್ಲೂ ಸಿಗಲ್ಲ. ಒಂದು ದಿನಪತ್ರಿಕೆಯ ಬೆಲೆಗೆ ಸಿಕ್ಕಿದ್ದು.

2023. ದಕ್ಷಿಣ ಕನ್ನಡದಲ್ಲಿ ಜನ ದೂರು ಕೊಡೋಕೆ ಶುರು ಮಾಡಿದರು. ಯಾರಿಗೂ ಒಟಿಪಿ ಹೇಳಿಲ್ಲ, ಯಾವ ಲಿಂಕೂ ಒತ್ತಿಲ್ಲ, ಆದರೂ ಖಾತೆಯಿಂದ ದುಡ್ಡು ಹೋಗಿದೆ. ಹಲವರ ನಡುವೆ ಇದ್ದ ಸಾಮ್ಯ ಒಂದೇ: ಇತ್ತೀಚೆಗೆ ಆಸ್ತಿ ನೋಂದಣಿಗೆ ಉಪನೋಂದಣಿ ಕಚೇರಿಗೆ ಹೋಗಿ ಬಂದಿದ್ದರು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯೋಕೆ ಬೇಕಿರೋದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಪಿನ್ ಬೇಡ, ಒಟಿಪಿ ಬೇಡ. ಕ್ರಯಪತ್ರದಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಹೆಬ್ಬೆಟ್ಟೂ ಇತ್ತು. ಕಾವೇರಿ ತಂತ್ರಾಂಶದಿಂದ ಪತ್ರ ಇಳಿಸಿಕೊಳ್ಳೋದು ಕಷ್ಟದ ಕೆಲಸವಾಗಿರಲಿಲ್ಲ. ಮಂಗಳೂರು ಪೊಲೀಸರು ಬಿಹಾರದವರನ್ನು ಬಂಧಿಸಿದರು. ಆಮೇಲೆ ಪತ್ರಗಳಲ್ಲಿ ಬೆರಳಚ್ಚು ಮರೆಮಾಚುವ ಕೆಲಸಕ್ಕೆ ಕಂದಾಯ ಇಲಾಖೆ ಕೈಹಾಕಿತು. 'ಆಧಾರ್ ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಿ' ಎಂಬ ಸಲಹೆ ಎಲ್ಲರ ವಾಟ್ಸ್ಆ್ಯಪ್‌ಗೂ ಬಂತು.

ಐದು ವರ್ಷ. ಟಾರ್ಗೆಟ್‌ಗೆ ಸಿಕ್ಕ ಸಮಯ ದಿನಗಳ ಲೆಕ್ಕದ್ದು, ನಮ್ಮ ಇಲಾಖೆಗೆ ಸಿಕ್ಕಿದ್ದು ಐದು ವರ್ಷ. ಹ್ಯಾಕರ್‌ಗಳು ಬುದ್ಧಿವಂತರು ಅನ್ನೋ ನೆಪವೂ ಇಲ್ಲಿ ನಡೆಯಲ್ಲ. ರಬ್ಬರ್ ಸ್ಟ್ಯಾಂಪ್ ಮಾಡೋ ಕಲೆ ಅದು.

ಮತ್ತೆ, ದುಡ್ಡು ಕಳಕೊಂಡವರು ಯಾರು ಅನ್ನೋದನ್ನೂ ನೋಡಿ. ಈ ಪಾವತಿ ವ್ಯವಸ್ಥೆ ಇರೋದೇ ಬ್ಯಾಂಕ್ ಶಾಖೆ ದೂರ ಇರುವ, ಎಟಿಎಂ ಕಾರ್ಡ್ ಬಳಸದ ಜನರಿಗೆ, ಪಿಂಚಣಿ, ನರೇಗಾ ಕೂಲಿ ತೆಗೆಯೋಕೆ. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು, ಕಾರ್ಡ್ ಕದ್ದರೆ ಹೊಸದು ಸಿಗುತ್ತೆ. ಟಾರ್ಗೆಟ್ ಗ್ರಾಹಕರಿಗೆ ಬ್ಯಾಂಕುಗಳು ಹೊಸ ಕಾರ್ಡ್ ಕಳಿಸಿದವು. ನಮ್ಮ ಅಜ್ಜಿಯರಿಗೆ ಹೊಸ ಹೆಬ್ಬೆಟ್ಟು ಎಲ್ಲಿಂದ ತರೋದು?

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳಲಾರೆ. ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಯಾವ ಸಂಸ್ಥೆಯೇ ಆಗಲಿ ಸೈಬರ್ ಘಟನೆ ಗೊತ್ತಾದ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್ ಇಟ್ಟುಕೊಳ್ಳಬೇಕು. ಆರು ಗಂಟೆ ಅನ್ನೋದು ಜಗತ್ತಿನ ಕಟ್ಟುನಿಟ್ಟಿನ ಗಡುವುಗಳಲ್ಲಿ ಒಂದು. ಎಚ್ಚರಿಕೆ ಪ್ರಕಟಣೆಗಳೂ ಅವರಿಂದ ಬರ್ತಾ ಇರುತ್ತವೆ. ಕರ್ನಾಟಕವೂ 2024ರ ಆಗಸ್ಟ್‌ನಲ್ಲಿ ತನ್ನದೇ ಸೈಬರ್ ಭದ್ರತಾ ನೀತಿ ತಂದಿದೆ. ಆದರೆ ಮಾಹಿತಿ ಹರಿಯೋದು ಮೇಲಕ್ಕೆ ಮಾತ್ರ. ಕಂಪನಿಗಳು ಸರ್ಟ್-ಇನ್‌ಗೆ ಹೇಳಬೇಕು. ಸರ್ಟ್-ಇನ್ ನಮಗೆ ಹೇಳಬೇಕಾಗಿಲ್ಲ. 2023ರ ನವೆಂಬರ್‌ನಲ್ಲಿ ಅದನ್ನು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದಲೇ ಹೊರಗಿಟ್ಟರು, ಗುಪ್ತಚರ ಸಂಸ್ಥೆಗಳ ಸಾಲಿಗೆ ಸೇರಿಸಿ. ಇನ್ನು ಮುಂದೆ ಯಾವ ಇಲಾಖೆಗೆ ಯಾವತ್ತು ಎಚ್ಚರಿಕೆ ಕೊಟ್ಟಿದ್ದಿರಿ, ಅವರು ಎಷ್ಟು ದಿನ ಸುಮ್ಮನಿದ್ದರು ಅಂತ ಹತ್ತು ರೂಪಾಯಿ ಅರ್ಜಿ ಹಾಕಿ ಕೇಳೋ ದಾರಿ ಹೆಚ್ಚುಕಮ್ಮಿ ಮುಚ್ಚಿದೆ.

ದಾಳಿಯ ತಾಂತ್ರಿಕ ವಿವರ ಎಲ್ಲ ಬಯಲಿಗಿಡಿ ಅಂತ ನಾನು ಹೇಳ್ತಿಲ್ಲ. ತೆರೆದೇ ಇರುವ ಬಾಗಿಲಿನ ವಿಳಾಸ ಯಾರೂ ಪತ್ರಿಕೆಯಲ್ಲಿ ಹಾಕಬಾರದು. ಆದರೆ ಬಾಗಿಲು ಮುಚ್ಚಿದ ಮೇಲೆ, ಯಾರು ಎಷ್ಟು ದಿನ ತೆರೆದಿಟ್ಟಿದ್ದರು ಅನ್ನೋದು ದೇಶದ ಗುಟ್ಟು ಹೇಗಾಗುತ್ತೆ? 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆಯಲ್ಲಿ, ಡೇಟಾ ಸೋರಿದರೆ ಸಂಬಂಧಪಟ್ಟ ವ್ಯಕ್ತಿಗೇ ತಿಳಿಸಬೇಕು ಅಂತ ಇದೆ, ಅದು ಒಳ್ಳೆಯದು. ಅದೇ ಕಾಯ್ದೆಯಲ್ಲಿ ಕೇಂದ್ರ ಸರ್ಕಾರ ತನಗೆ ಬೇಕಾದ ಸರ್ಕಾರಿ ಸಂಸ್ಥೆಗಳಿಗೆ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯ ಹೆಸರಲ್ಲಿ ವಿನಾಯಿತಿ ಕೊಡಬಹುದು ಅಂತಲೂ ಇದೆ. ಹೆಬ್ಬೆಟ್ಟು ಇರೋದು ಬಹುಪಾಲು ಸರ್ಕಾರದ ಹತ್ತಿರವೇ ಅಲ್ವಾ?

ಕೊನೆಗೆ ಬೆಂಗಳೂರಿಗೇ ಬರುತ್ತೇನೆ. 2024ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಜಾಗತಿಕ ಸಾಮರ್ಥ್ಯ ಕೇಂದ್ರಗಳ ನೀತಿ ಬಿಡುಗಡೆ ಮಾಡಿತು. ಟಾರ್ಗೆಟ್‌ನ ಬೆಂಗಳೂರು ಕಚೇರಿಯಂಥವಕ್ಕೆ ಈಗ ಜಿಸಿಸಿ ಅಂತ ಹೆಸರು. 2029ರೊಳಗೆ ಇನ್ನೂ 500 ಕೇಂದ್ರ, ಮೂರೂವರೆ ಲಕ್ಷ ಉದ್ಯೋಗ ಗುರಿ. ಜಗತ್ತಿನ ಕಂಪನಿಗಳ ಕಾವಲು ಪಾಳಿ ಇನ್ನಷ್ಟು ನಮ್ಮೂರಿಗೆ ಬರುತ್ತೆ. ಇದೇ ಸರ್ಕಾರಗಳು, ಪಕ್ಷ ಯಾವುದೇ ಇರಲಿ, ಐಟಿ ಕಂಪನಿಗಳಿಗೆ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ವರ್ಷಗಟ್ಟಲೆ ವಿನಾಯಿತಿ ಕೊಡುತ್ತಾ ಬಂದಿದ್ದವು. ಕೆಲಸದ ಷರತ್ತು, ಶಿಸ್ತುಕ್ರಮ, ಕುಂದುಕೊರತೆ ಕೇಳುವ ಕ್ರಮ ಲಿಖಿತವಾಗಿ ಇರಬೇಕು ಅನ್ನೋ ಕಾಯ್ದೆ ಅದಾಗಿತ್ತು. ಐಟಿ ನೌಕರರ ಸಂಘ ಕಿಟು ಇದರ ವಿರುದ್ಧ ಹೋರಾಡ್ತಾನೇ ಇತ್ತು. ಇದಕ್ಕೂ ಸೈಬರ್ ಭದ್ರತೆಗೂ ಏನು ಸಂಬಂಧ ಅಂತ ಕೇಳುವವರು, ನಾಳೆ ಕೆಲಸದಿಂದ ತೆಗೆದರೆ ಎಲ್ಲಿ ದೂರು ಕೊಡಬೇಕು ಅಂತ ಗೊತ್ತಿಲ್ಲದ ಒಬ್ಬ ಇಪ್ಪತ್ಮೂರರ ಹುಡುಗ ಮಧ್ಯರಾತ್ರಿ ಒಬ್ಬ ವಿದೇಶಿ ವೈಸ್ ಪ್ರೆಸಿಡೆಂಟ್‌ನ ನಿದ್ದೆ ಕೆಡಿಸುತ್ತಾನಾ ಅಂತ ಒಮ್ಮೆ ಯೋಚಿಸಿ. ನಾನು ಕೆಡಿಸಿರಲಿಲ್ಲ.

ನಮ್ಮ ತಾಲ್ಲೂಕಿನ ಒಂದಿಬ್ಬರು ಹುಡುಗರು ಈಗ ಸೈಬರ್ ಸೆಕ್ಯುರಿಟಿ ಕೋರ್ಸ್ ಮುಗಿಸಿ ಇಂಟರ್‌ವ್ಯೂಗೆ ತಯಾರಿ ನಡೆಸುತ್ತಿದ್ದಾರೆ. ಏನು ಓದಬೇಕು ಅಣ್ಣಾ ಅಂತ ಫೋನ್ ಮಾಡ್ತಾರೆ. ಓದಬೇಕಾದ್ದನ್ನು ಹೇಳಿ, ಕೊನೆಗೆ ಒಂದು ಪ್ರಶ್ನೆ ಕೊಟ್ಟು ಕಳಿಸುತ್ತೇನೆ, ಅವರು ಕೇಳಿದ್ದಕ್ಕೆ ಉತ್ತರ ಹೇಳಿ ಮುಗಿದ ಮೇಲೆ ನೀವು ಇದನ್ನು ಕೇಳಿ ಅಂತ: ರಾತ್ರಿ ಎರಡು ಗಂಟೆಗೆ ನನಗೆ ಏನಾದರೂ ಕಂಡರೆ ಯಾರನ್ನು ಎಬ್ಬಿಸಬಹುದು, ಅವರು ಏಳದಿದ್ದರೆ ಸರ್ವರ್ ನಿಲ್ಲಿಸೋ ಅಧಿಕಾರ ನನಗಿದೆಯಾ? ನನ್ನ ಮೊದಲ ಇಂಟರ್‌ವ್ಯೂನಲ್ಲಿ ನಾನು ಕೇಳಿದ್ದು ಕ್ಯಾಬ್ ಎಷ್ಟು ಗಂಟೆಗೆ ಬರುತ್ತೆ ಅಂತ.